ಭರಣಿ ಮಳೆಗೆ ಮುಂಚೆ



ಬೇಸಿಗೆ ಮಳೆಯ ಮುನ್ಸೂಚನೆ ಹಲಸೂರಿನವರಿಗೆ ತಂಪಿನ ಸುದ್ದಿ. ಕೆ.ಆರ್.ಪುರದಾಚೆ ಕೆರೆ ಬದಿಯಲ್ಲಿ ಸೊಪ್ಪು, ತರಕಾರಿ ಬೆಳೆಯೋ ನಮಗೆ ಅದು ಸಾಲದ ಲೆಕ್ಕ.

2024ರ ಏಪ್ರಿಲ್ ಪೂರ್ತಿ ಬೆಂಗಳೂರಲ್ಲಿ ಅಳೆಯುವಷ್ಟು ಮಳೆ ಬೀಳಲಿಲ್ಲ. ಮೇ ತಿಂಗಳಲ್ಲಿ ಚೆನ್ನಾಗಿ ಹುಯ್ದಿತು. ನಡುವೆ ಬೋರ್‌ವೆಲ್ ಕೊರೆಸಲು ಸಾಲ ಎತ್ತಿದವನ ಬಡ್ಡಿಯನ್ನು ಆ ಮಳೆ ಕಟ್ಟಿತೇ? ಬಿದ್ದ ನೀರಾದರೂ ಕೆರೆಯಲ್ಲಿ ನಿಲ್ಲಬೇಕಲ್ಲ! ಹೂಳು ತುಂಬಿ, ರಾಜಕಾಲುವೆ ಒತ್ತುವರಿಯಾಗಿ, ನಗರದ ಕೊಳಚೆ ಹರಿದು ಬಂದರೆ ಕೆರೆ ಏನಾದೀತು ಅನ್ನೋದಕ್ಕೆ 2017ರಲ್ಲಿ ಬೆಂಕಿ ಹತ್ತಿಕೊಂಡ ಬೆಳ್ಳಂದೂರು ಕೆರೆಯೇ ಸಾಕ್ಷಿ.

ಮುನ್ಸೂಚನೆ ಕೇಳಿ ಹೆದರಿ ಸಾಲಕ್ಕೆ ಓಡಬೇಡಿ. ಭರಣಿ ಮಳೆಗೆ ಮುಂಚೆ ಕಾಲುವೆ ತೆರವಾಗಲಿ, ಹೂಳು ಎತ್ತಲಿ ಎಂದು ಊರೆಲ್ಲ ಸೇರಿ ತಾಲ್ಲೂಕು ಕಚೇರಿ ಮುಂದೆ ಕೂರೋಣ. ಕೆರೆ ತುಂಬಿದರೆ ಬಾವಿಗೆ ನೀರು. ಬಾವಿಗೆ ನೀರು ಬಂದರೆ ಬಡ್ಡಿಯವನ ಬಾಗಿಲಿಗೆ ಹೋಗೋದು ತಪ್ಪುತ್ತೆ.