ಅದ್ಭುತಕಥೆಯೂ ಬೆಳ್ಳಿತೆರೆಯೂ

ಅದ್ಭುತಕಥೆಗಳಿಗೆ ಬೆಳ್ಳಿತೆರೆಯೇ ತಕ್ಕ ನೆಲೆಯೆಂದೂ, ರಕ್ಕಸರನ್ನು ಯಂತ್ರಬಲದಿಂದ ಕಣ್ಣೆದುರಿಗೆ ನಿಲ್ಲಿಸಬಲ್ಲ ಈ ಕಾಲದಲ್ಲಿ ಪುಸ್ತಕವು ಅನಾವಶ್ಯಕವೆಂದೂ ವಾದಿಸುವವರುಂಟು. ಈ ವಾದವು ಬೇರೆಲ್ಲಿಯಾದರೂ ಸಲ್ಲಲಿ, ಕಲ್ಲಡ್ಕದ ಸೀಮೆಯಲ್ಲಿ ಸಲ್ಲತಕ್ಕುದಲ್ಲ. ಇಲ್ಲಿಯ ತಾಳಮದ್ದಳೆಯ ರಾವಣನಿಗೆ ಕಿರೀಟವಿಲ್ಲ, ಬಣ್ಣವಿಲ್ಲ; ಪಂಚೆಯುಟ್ಟು ಶಾಲು ಹೊದ್ದು ಕುಳಿತ ಅರ್ಥಧಾರಿಯ ಮಾತಿನಿಂದಲೇ ಲಂಕೆಯು ಏಳಬೇಕು. ಅವನು ಅರ್ಧ ಕಟ್ಟಿದರೆ ಮಿಕ್ಕರ್ಧವನ್ನು ಚಾವಡಿಯಲ್ಲಿ ಕುಳಿತವರೇ ಕಟ್ಟುತ್ತಾರೆ. ತೆರೆಯಾದರೋ ಅವರ ಪಾಲನ್ನೂ ತಾನೇ ನುಂಗುತ್ತದೆ.

ಕಲ್ಲಡ್ಕಕ್ಕೆ ದೂರವಲ್ಲದ ಮಂಚಿಯಲ್ಲಿ ಹುಟ್ಟಿದ ಬಿ. ವಿ. ಕಾರಂತರು ರಂಗವನ್ನೂ ತೆರೆಯನ್ನೂ ಬಲ್ಲವರಾಗಿದ್ದರು. ಮಾಟಗಾತಿಯರೂ ನಡೆದುಬರುವ ಕಾಡೂ ಉಳ್ಳ 'ಮ್ಯಾಕ್‌ಬೆತ್' ನಾಟಕವನ್ನು ೧೯೭೯ರಲ್ಲಿ ಹಿಂದಿಯಲ್ಲಿ 'ಬರ್ನಮ್ ವನ'ವೆಂದು ಆಡಿಸಿದಾಗ ಅವರು ಆಶ್ರಯಿಸಿದ್ದು ಯಕ್ಷಗಾನದ ಶೈಲಿಯನ್ನೇ. ಶಿವರಾಮ ಕಾರಂತರು ೧೯೩೩ರಲ್ಲಿ ಪ್ರಕಟಿಸಿದ 'ಚೋಮನ ದುಡಿ'ಯು ಇವರ ಕೈಯಲ್ಲಿ ೧೯೭೫ರಲ್ಲಿ ಚಿತ್ರವಾಗಿ ಸ್ವರ್ಣಕಮಲವನ್ನು ಪಡೆಯಿತು. ಮೆಚ್ಚತಕ್ಕ ಚಿತ್ರವೇ ಸರಿ. ಆದರೂ ಅದನ್ನು ನೋಡಿದವನಿಗೆ ಚೋಮನೆಂದರೆ ವಾಸುದೇವರಾಯರ ಮುಖವೊಂದೇ. ಓದುವವನಾದರೋ ತನ್ನೂರಿನ ಯಾವನೋ ಒಬ್ಬನ ಮುಖವನ್ನು ಅವನಿಗೆ ಕೊಟ್ಟುಕೊಂಡಿದ್ದನು. ಉತ್ತಮ ಚಿತ್ರಕ್ಕೇ ಈ ಕೊರತೆ ತಪ್ಪಲಿಲ್ಲವೆಂದಮೇಲೆ, ಭೂತದ ಕೋರೆದಾಡೆಗಳನ್ನು ಎಣಿಸಿ ತೋರಿಸುವುದೇ ಸಾಹಸವೆಂದು ಬಗೆದ ಚಿತ್ರಗಳ ಮಾತೇಕೆ?

ವಿದ್ಯಾವಂತರ ಮನೆಗಳಲ್ಲಿ ನಡೆಯುತ್ತಿರುವುದಾದರೂ ಏನು? ಅಜ್ಜಿಯ ರಕ್ಕಸನು ಒಂದೊಂದು ರಾತ್ರಿ ಒಂದೊಂದು ಎತ್ತರದವನು. ಆ ಕಥೆಗೆ ಮಗುವು ಕಿವಿಗೊಟ್ಟರೆ ಪೊಳ್ಳೆಂದು ಗದರಿಸುತ್ತಾರೆ. ಅದೇ ಪೊಳ್ಳನ್ನು ತೆರೆಯ ಮೇಲೆ ತೋರಿಸಲು ಹಣ ತೆತ್ತು ಕರೆದೊಯ್ಯುತ್ತಾರೆ.