ಬೀದಿ ಬೆಕ್ಕಿನ ಹೊಣೆ ದಾನಿಗಳದ್ದಷ್ಟೇ ಅಲ್ಲ



ಪ್ರಾಣಿ ರಕ್ಷಕರಿಗೂ ಬೀದಿ ಬೆಕ್ಕುಗಳಿಗೆ ಅನ್ನ ಹಾಕುವವರಿಗೂ ನೆರವಾಗಲೆಂದು ನಡೆಸುವ ದೇಣಿಗೆ ಕಾರ್ಯಕ್ರಮಗಳು ಎಲ್ಲೇ ನಡೆದರೂ ಸ್ವಾಗತಾರ್ಹ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಂಥ ಊರುಗಳಲ್ಲಿ ಈ ಕೆಲಸವನ್ನೆಲ್ಲ ದಾನಿಗಳ ಹೆಗಲಿಗೆ ಹಾಕಿ ಸ್ಥಳೀಯ ಸಂಸ್ಥೆಗಳು ಕೈತೊಳೆದುಕೊಳ್ಳುವಂತಿಲ್ಲ. ಇದು ಕಾನೂನು ಅವರಿಗೆ ವಹಿಸಿದ ಹೊಣೆ.

ಅನ್ನ ಹಾಕುವವರಲ್ಲಿ ಹೆಚ್ಚಿನವರು ಉಳ್ಳವರಲ್ಲ. ನಮ್ಮ ಬೀದಿಯಲ್ಲಿ ಹೂ ಕಟ್ಟಿ ಮಾರುವ ಒಬ್ಬ ತಾಯಿ ಸಂಜೆ ಮೀನಿನ ಅಂಗಡಿಯಲ್ಲಿ ಉಳಿದ ತಲೆಗಳನ್ನು ಕೇಳಿ ತರುತ್ತಾರೆ. ಬೇಯಿಸಿ, ಮುಳ್ಳು ಬಿಡಿಸಿ, ಅನ್ನಕ್ಕೆ ಕಲಸಿ ಹಳೆ ಪೇಪರಿನ ಮೇಲೆ ಇಡುತ್ತಾರೆ. ಬೆಕ್ಕುಗಳು ತಿಂದಾದ ಮೇಲೆ ಪೇಪರ್ ಎತ್ತಿ, ಜಾಗ ತೊಳೆದೇ ಮನೆಗೆ ಹೋಗುತ್ತಾರೆ. ಆದರೂ "ನೀನು ಹಾಕೋದಕ್ಕೇ ಬೆಕ್ಕು ಹೆಚ್ಚಾಗಿರೋದು" ಎಂಬ ಬೈಗುಳ ಅವರಿಗೆ ತಪ್ಪಿಲ್ಲ.

ಬೈಯುವವರ ಆತಂಕವನ್ನೂ ತಳ್ಳಿಹಾಕಲಾಗದು. ಹೆಣ್ಣು ಬೆಕ್ಕು ಹುಟ್ಟಿದ ಐದಾರು ತಿಂಗಳಿಗೇ ಗಬ್ಬವಾಗಬಲ್ಲದು. ಗಬ್ಬವಾದ ಎರಡು ತಿಂಗಳಿಗೆ ಮೂರರಿಂದ ಐದು ಮರಿ ಹಾಕುತ್ತದೆ. ವರ್ಷಕ್ಕೆ ಎರಡು ಮೂರು ಸಲ ಈಯುವುದೂ ಉಂಟು. ಬೆಕ್ಕು ಕಚ್ಚಿದರೂ ರೇಬಿಸ್ ಬರಬಹುದು. ಹಾಗೆಂದು ಅನ್ನ ನಿಲ್ಲಿಸಿದರೆ ಅವು ಕಸದ ರಾಶಿಗೆ ಬೀಳುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯೇ ದಾರಿ. ಆಗ ಬೇಕಾಗುವವರೂ ಅನ್ನ ಹಾಕುವವರೇ, ಏಕೆಂದರೆ ದಿನವೂ ಅನ್ನ ಹಾಕುವ ಕೈಗೆ ಮಾತ್ರ ಬೀದಿ ಬೆಕ್ಕು ಸಿಗುತ್ತದೆ.

ಬೆಂಗಳೂರಿನ ಅನುಭವ ಕಣ್ಣೆದುರಿಗಿದೆ. 2025ರ ಜುಲೈನಲ್ಲಿ ಬಿಬಿಎಂಪಿ ಸುಮಾರು 5,000 ಬೀದಿ ನಾಯಿಗಳಿಗೆ ಆಹಾರ ಕೊಡುವ ಯೋಜನೆ ಮುಂದಿಟ್ಟಾಗ ಚರ್ಚೆಯೆಲ್ಲ ಅದರಲ್ಲಿದ್ದ ಚಿಕನ್ ರೈಸ್ ಸುತ್ತಲೇ ಗಿರಕಿ ಹೊಡೆಯಿತು. ಶಸ್ತ್ರಚಿಕಿತ್ಸೆ, ಲಸಿಕೆಯ ಮಾತು ಹಿಂದೆ ಬಿತ್ತು. ನಮ್ಮಲ್ಲಿ ಹಾಗಾಗಬಾರದು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2023ರಲ್ಲಿ ಬಂದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ 20ನೇ ನಿಯಮ, ವಾರಸುದಾರರಿಲ್ಲದ ಪ್ರಾಣಿಗಳಿಗೆ ಆಹಾರ ಹಾಕಲು ವ್ಯವಸ್ಥೆ ಮಾಡುವ ಹೊಣೆಯನ್ನು ನಿವಾಸಿಗಳ ಸಂಘಕ್ಕೆ ಅಥವಾ ಸ್ಥಳೀಯ ಸಂಸ್ಥೆಯ ಪ್ರತಿನಿಧಿಗೆ ವಹಿಸಿದೆ. ಮಕ್ಕಳು ಆಡುವ ಜಾಗ, ಮನೆ ಬಾಗಿಲು ಬಿಟ್ಟು ಬೇರೆ ಸ್ಥಳ ಗುರುತಿಸಬೇಕು. ಪ್ರತಿ ಜಿಲ್ಲೆಗೂ ಪ್ರಾಣಿ ದಯಾ ಸಂಘ ಇರಬೇಕೆಂದು ಅದೇ ಕಾಯ್ದೆಯಡಿಯ 2001ರ ನಿಯಮಗಳೇ ಹೇಳಿವೆ. ಆಶ್ರಯತಾಣಕ್ಕೆ ಜಾಗ ಒದಗಿಸುವುದು ಸರ್ಕಾರದ ಕೆಲಸ.

ಬೆಂಗಳೂರಿನಲ್ಲಿ 1991ರಲ್ಲೇ ಕ್ರಿಸ್ಟಲ್ ರೋಜರ್ಸ್ ಕಟ್ಟಿದ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳಿವೆ. ಆದರೆ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಕಾಲು ಮುರಿದುಕೊಂಡ ಪ್ರಾಣಿಯನ್ನು ಮುಳಬಾಗಿಲಿನಿಂದ ಅಲ್ಲಿಗೆ ಒಯ್ಯಬೇಕೆಂದರೆ ಹತ್ತಿರ ಹತ್ತಿರ 100 ಕಿಲೋಮೀಟರ್. ಆ ಬಾಡಿಗೆ ಭರಿಸಲು ಕೂಲಿ ಮಾಡುವವರಿಗೆ ಸಾಧ್ಯವೇ? ಇಷ್ಟಕ್ಕೂ ಬೆಕ್ಕು ನಮ್ಮ ರೈತರಿಗೂ ಬೇಕಾದ ಪ್ರಾಣಿ. ರಾಗಿ ಮೂಟೆಗೂ ರೇಷ್ಮೆ ಹುಳುವಿಗೂ ಇಲಿ ಕಾಟ ಎಂಥದೆಂದು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ನಾಲ್ಕೂ ಊರುಗಳ ಸ್ಥಳೀಯ ಸಂಸ್ಥೆಗಳು ವಾರ್ಡುವಾರು ಆಹಾರದ ಜಾಗ ಗುರುತಿಸಿ, ಅನ್ನ ಹಾಕುವವರಿಗೆ ಗುರುತಿನ ಚೀಟಿ ಕೊಡಲಿ. ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಬೀದಿ ಬೆಕ್ಕುಗಳ ಶಸ್ತ್ರಚಿಕಿತ್ಸೆ, ಲಸಿಕೆಗೆ ತಿಂಗಳಿಗೊಂದು ದಿನ ಗೊತ್ತುಮಾಡಲಿ. ಜಿಲ್ಲಾ ಪ್ರಾಣಿ ದಯಾ ಸಂಘದ ಸಭೆಗೆ ಅನ್ನ ಹಾಕುವವರನ್ನೂ ಕರೆಯಲಿ. ದೇಣಿಗೆ ಸಂಗ್ರಹಿಸುವವರು ಶಾಲು, ಹಾರ, ವೇದಿಕೆಯ ಖರ್ಚು ಬಿಟ್ಟು ಔಷಧಿ, ಬೋನು, ಸಾಗಣೆ ಬಾಡಿಗೆಗೆ ಹಣ ಕೊಟ್ಟು, ಲೆಕ್ಕವನ್ನು ಜನರ ಮುಂದಿಡಲಿ. ಮುಂದಿನ ಬಜೆಟ್ ಸಭೆಯಲ್ಲಿ ಇದಕ್ಕೆಂದು ಪ್ರತ್ಯೇಕ ಹಣ ಇಡುವಂತೆ ತಮ್ಮ ವಾರ್ಡಿನ ಪ್ರತಿನಿಧಿಗಳನ್ನು ಕೇಳಿ ಎಂದು ಓದುಗರಲ್ಲಿ ನನ್ನ ವಿನಂತಿ.

– ಓದುಗರೊಬ್ಬರು, ಕೋಲಾರ