ದೋಣಿಯ ಯಂತ್ರಗಳು ಆಡುವ ಮಾತು

ಜತ್ತ ತಾಲೂಕಿನ ಮಕ್ಕಳಿಗೆ ಕಡಲು ಭೂಗೋಳದ ಪಾಠದಲ್ಲಿ ಮಾತ್ರ ಸಿಗುವ ವಸ್ತು. ಬರದ ಸೀಮೆಯವರಾದ ನಮಗೆ ತುಂಬಿದ ಕೆರೆಯೇ ಒಂದು ಕಡಲು. ಆದರೂ ಈ ವಾರ ಕಡಲಿಗಿಳಿಯಲು ಕಾರಣವುಂಟು.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕೆಯ ಬೋಟು ಏಳು ಜನರೊಡನೆ ಕಣ್ಮರೆಯಾಯಿತು. ಅದರ ಅವಶೇಷವನ್ನು ನೌಕಾಪಡೆಯು ಪತ್ತೆಹಚ್ಚಿದ್ದು 2019ರ ಮೇ ತಿಂಗಳಿನಲ್ಲಿ, ನಮ್ಮ ಮಹಾರಾಷ್ಟ್ರದ ಮಾಲವಣದಾಚೆಯ ಕಡಲಿನಲ್ಲಿ. ದುರಂತದ ಕಾರಣವನ್ನು ಚರ್ಚಿಸುವುದು ಇಲ್ಲಿಯ ಉದ್ದೇಶವಲ್ಲ. ಬೋಟು ಎಲ್ಲಿದೆ ಎಂಬ ಒಂದೇ ಪ್ರಶ್ನೆಗೆ ಉತ್ತರವಿಲ್ಲದೆ ಏಳು ಮನೆಗಳವರು ತಿಂಗಳುಗಟ್ಟಲೆ ಕಾದರು ಎಂಬುದಷ್ಟನ್ನು ನೆನೆಯೋಣ.

‘ಎಲ್ಲಿದ್ದೇನೆ’ ಎಂಬುದನ್ನು ದೋಣಿಯು ಹೇಗೆ ಅರಿಯುತ್ತದೆ? ಉಪಗ್ರಹಗಳಿಂದ ಸ್ಥಾನ ತಿಳಿಯುವ ಜಿಪಿಎಸ್, ದಿಕ್ಸೂಚಿ, ನೀರಿನ ಆಳವನ್ನು ಅಳೆಯುವ ಯಂತ್ರ, ಗಾಳಿಯ ವೇಗವನ್ನು ಹೇಳುವ ಯಂತ್ರ ಇವೆಲ್ಲ ಬೇರೆ ಬೇರೆ ಕಂಪನಿಗಳವು. ಇವೆಲ್ಲವನ್ನೂ ಒಂದು ಕಂಪ್ಯೂಟರಿಗೆ ಜೋಡಿಸಿದಾಗ ಮಾತ್ರ ನಕ್ಷೆಯ ಮೇಲೆ ದೋಣಿ ಚಲಿಸುವುದು ಕಾಣುತ್ತದೆ. ಅದಕ್ಕಾಗಿ 1983ರಲ್ಲಿ ಅಮೆರಿಕದ ಕಡಲ ಇಲೆಕ್ಟ್ರಾನಿಕ್ಸ್ ಸಂಘವು ಎಲ್ಲ ಯಂತ್ರಗಳಿಗೂ ಒಂದು ಸಮಾನ ಭಾಷೆಯನ್ನು ಗೊತ್ತುಮಾಡಿತು. ಹೆಸರು ಎನ್‌ಎಂಇಎ 0183.

ಈ ಭಾಷೆಯಲ್ಲಿ ಪ್ರತಿಯೊಂದು ಸಂದೇಶಕ್ಕೂ ‘ವಾಕ್ಯ’ ಎಂದೇ ಹೆಸರು. ಡಾಲರ್ ಚಿಹ್ನೆಯಿಂದ ಆರಂಭ, ನಡುನಡುವೆ ಅಲ್ಪವಿರಾಮ, ಒಟ್ಟು 82 ಅಕ್ಷರಗಳನ್ನು ಮೀರುವಂತಿಲ್ಲ. ಮೊದಲೆರಡು ಅಕ್ಷರಗಳು ಮಾತನಾಡುವವರ ಗುರುತು: ಜಿಪಿ ಎಂದರೆ ಜಿಪಿಎಸ್, ಜಿಐ ಎಂದರೆ ನಮ್ಮ ಇಸ್ರೋದ ನಾವಿಕ್. ಒಂದು ತಂತಿಯ ಮೇಲೆ ಒಬ್ಬನೇ ಮಾತನಾಡಬೇಕು, ಕೇಳುವವರು ಹಲವರಿರಬಹುದು. ಇಬ್ಬರು ಒಟ್ಟಿಗೆ ಮಾತನಾಡಿದರೆ ಯಾರದೂ ತಿಳಿಯದು. (ನಮ್ಮ ಸಭೆಗಳಿಗೂ ಈ ನಿಯಮ ಬರಲಿ ಎಂದು ಹಲವು ಬಾರಿ ಆಶಿಸಿದ್ದೇನೆ.) ಆದ್ದರಿಂದ ಹಲವು ಯಂತ್ರಗಳ ಮಾತನ್ನು ಸರದಿಯಲ್ಲಿ ಕಂಪ್ಯೂಟರಿಗೆ ದಾಟಿಸುವ ಪುಟ್ಟ ಪೆಟ್ಟಿಗೆಯೊಂದನ್ನು ನಡುವೆ ಇರಿಸುತ್ತಾರೆ.

ಇಲ್ಲಿ ಎಡವುವುದು ಸುಲಭ. ಜತ್ತ ಪಟ್ಟಣವಿರುವುದು ಸುಮಾರು 17 ಡಿಗ್ರಿ 3 ನಿಮಿಷ ಉತ್ತರ ಅಕ್ಷಾಂಶ, 75 ಡಿಗ್ರಿ 13 ನಿಮಿಷ ಪೂರ್ವ ರೇಖಾಂಶದಲ್ಲಿ. ಯಂತ್ರವು ಇದನ್ನು 1703, 07513 ಎಂದು ಡಿಗ್ರಿ ನಿಮಿಷಗಳನ್ನು ಕೂಡಿಸಿಯೇ ಹೇಳುತ್ತದೆ. ಕಂಪ್ಯೂಟರಿಗೆ ಕ್ರಮವಿಧಿ ಬರೆಯುವವನು ಅವಸರದಲ್ಲಿ 17.03, 75.13 ಎಂದು ದಶಮಾಂಶವಾಗಿ ಓದಿಬಿಟ್ಟರೆ? ಒಂದು ಡಿಗ್ರಿಗೆ 60 ನಿಮಿಷಗಳು, ನೂರಲ್ಲ. ಆದುದರಿಂದ ನಿಜವಾದ ಬೆಲೆ 17.05 ಮತ್ತು 75.22. ಆ ತಪ್ಪಿನಿಂದ ನಕ್ಷೆಯಲ್ಲಿ ಜತ್ತವು ಸುಮಾರು ಒಂಬತ್ತು ಕಿಲೋಮೀಟರು ಪಶ್ಚಿಮಕ್ಕೂ ಎರಡು ಕಿಲೋಮೀಟರು ದಕ್ಷಿಣಕ್ಕೂ ಸರಿದುಹೋಗುತ್ತದೆ. ನೆಲದ ಮೇಲಾದರೆ ಯಾರನ್ನಾದರೂ ದಾರಿ ಕೇಳಬಹುದು. ಕತ್ತಲಲ್ಲಿ ಬಂಡೆಗಳ ನಡುವೆ ಸಾಗುವ ಬೋಟಿನವರು ಯಾರನ್ನು ಕೇಳಬೇಕು?

ಸ್ಥಾನವನ್ನು ಅರಿತರಷ್ಟೇ ಸಾಲದು, ದಡದವರಿಗೂ ಅದು ತಿಳಿಯಬೇಕು. ಇಸ್ರೋ ರೂಪಿಸಿರುವ ಎರಡನೆಯ ತಲೆಮಾರಿನ ಸಂಕಟಸೂಚಕ ಯಂತ್ರವು ಬೋಟಿನ ಸ್ಥಾನವನ್ನು ಉಪಗ್ರಹದ ಮೂಲಕ ದಡಕ್ಕೆ ಕಳುಹಿಸಿ, ‘ನಿಮ್ಮ ಕರೆ ತಲುಪಿತು’ ಎಂಬ ಮರುನುಡಿಯನ್ನೂ ಬೋಟಿಗೆ ತಲುಪಿಸುತ್ತದೆ. ಬ್ಲೂಟೂತ್ ಮೂಲಕ ಅದನ್ನು ಮೊಬೈಲಿಗೆ ಜೋಡಿಸಿ, ಸಂದೇಶವನ್ನು ಮೀನುಗಾರನು ತನ್ನ ಭಾಷೆಯಲ್ಲಿ ಓದಿಕೊಳ್ಳಬಹುದು. ಬಿರುಗಾಳಿಯ ಮುನ್ಸೂಚನೆಯನ್ನು ಓದುವಾಗ ತಾಯ್ನುಡಿಯ ಬೆಲೆ ಏನೆಂಬುದನ್ನು ಗಡಿಯಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ನಮಗೆ ಯಾರೂ ವಿವರಿಸಬೇಕಿಲ್ಲ.

ಇದನ್ನು ನೋಡಲು ದೋಣಿಯೇ ಬೇಕೆಂದಿಲ್ಲ. ಯುಎಸ್‌ಬಿಯಿಂದ ಜೋಡಿಸುವ ಜಿಪಿಎಸ್ ಗ್ರಾಹಕವೊಂದನ್ನು ಶಾಲೆಯ ಕಂಪ್ಯೂಟರಿಗೆ ಸೇರಿಸಿ ಬಯಲಿನಲ್ಲಿಟ್ಟರೆ ಇದೇ ವಾಕ್ಯಗಳು ಪರದೆಯ ಮೇಲೆ ಸಾಲುಸಾಲಾಗಿ ಮೂಡುತ್ತವೆ. ಮೊದಲು ‘ವಿ’ ಎಂಬ ಅಕ್ಷರ ಕಾಣುವುದು, ಎಂದರೆ ಸ್ಥಾನ ಇನ್ನೂ ಸಿಕ್ಕಿಲ್ಲ. ಅದು ‘ಎ’ ಆದಾಗ ಸಿಕ್ಕಿತೆಂದು ತಿಳಿಯಿರಿ. ಆಗ ವೇಳೆಯನ್ನೂ ಗಮನಿಸಿ. ಶಾಲೆಯ ಗಡಿಯಾರದಲ್ಲಿ ಹನ್ನೊಂದಾಗಿದ್ದರೆ ಯಂತ್ರವು 053000 ಎನ್ನುತ್ತದೆ. ಏಕೆಂಬುದನ್ನು ಮಕ್ಕಳೇ ಹೇಳಲಿ.